ಬೂತಾಯಿ ಫ್ರೈಗೆ ವಿನ್ಯೋ ವೆರ್ದೆ

ಪೋರ್ಚುಗಲ್‌ನ ಪೋರ್ಟೊ ನಗರದ ಊಟದ ಮೇಜಿನಲ್ಲಿ ವೈನ್ ಕೂಡ ಒಂದು ಪದಾರ್ಥ. ಭಾನುವಾರ ಮಧ್ಯಾಹ್ನ ಹೋಟೆಲಿಗೆ ಹೋದರೆ ಅಜ್ಜಿ, ಮಗ, ಸೊಸೆ ಒಟ್ಟಿಗೆ ಕೂತು ಮೀನಿನ ಜೊತೆ ಒಂದೊಂದು ಗ್ಲಾಸ್ ಕುಡಿಯುತ್ತಾರೆ, ಊಟ ಮುಗಿಸಿ ಎದ್ದು ಹೋಗುತ್ತಾರೆ. ನಮ್ಮಲ್ಲಿ ಹಾಗಲ್ಲ. ಮೊದಲು ಕುಡಿಯುವುದು, ನಂಚಿಕೊಳ್ಳಲು ಮಸಾಲೆ ಕಡಲೆಬೀಜ, ಚಿಲ್ಲಿ ಚಿಕನ್. ರಾತ್ರಿ ಹನ್ನೊಂದಕ್ಕೆ ನೆನಪಾದರೆ ಊಟ. ಅಷ್ಟು ಹೊತ್ತಿಗೆ ನಾಲಿಗೆಗೆ ಯಾವ ರುಚಿಯೂ ಹತ್ತುವುದಿಲ್ಲ. ಕುಡಿಯುವುದೇ ಆದರೆ ಅದು ಊಟದ ಜೊತೆಗಿರಲಿ, ಅಷ್ಟೇ ನನ್ನ ವಾದ. ಅದಕ್ಕೆ ಇಲ್ಲಿನ ವಿನ್ಯೋ ವೆರ್ದೆಯಷ್ಟು ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಇದು ಪೋರ್ಚುಗಲ್‌ನ ವಾಯವ್ಯ ಮೂಲೆಯ ವೈನ್. 1908ರಲ್ಲೇ ಈ ಸೀಮೆಗೆ ಗಡಿ ಗುರುತಿಸಿದ್ದಾರೆ. ಮಳೆ ಜಾಸ್ತಿ, ನೆಲವೆಲ್ಲ ಹಸಿರು, ಅಡಿಯಲ್ಲಿ ಗ್ರಾನೈಟ್. ಹಳೆಯ ತೋಟಗಳಲ್ಲಿ ಕಲ್ಲುಕಂಬದ ಮೇಲೆ ದ್ರಾಕ್ಷಿಯನ್ನು ನಮ್ಮ ಬಸಳೆ ಚಪ್ಪರದಂತೆ ಹಬ್ಬಿಸಿರುತ್ತಾರೆ. ಇರುವುದು ತುಂಡು ಜಮೀನು, ಹಾಗಾಗಿ ಕೆಳಗೆ ಮೆಕ್ಕೆಜೋಳ, ಕೋಸು ಬೆಳೆಯಬೇಕಲ್ಲ. ಬಳ್ಳಿ ಎತ್ತರದಲ್ಲಿದ್ದರೆ ನೆಲದ ತೇವವೂ ಅಷ್ಟಾಗಿ ತಾಗುವುದಿಲ್ಲ.

ಬಿಳಿ ವಿನ್ಯೋ ವೆರ್ದೆ ಹಗುರ. ಆಲ್ಕೋಹಾಲ್ ಸಾಮಾನ್ಯವಾಗಿ ಶೇ. 9ರಿಂದ 11.5. ಮೊದಲ ಗುಟುಕಿಗೆ ನಿಂಬೆಯ ಹುಳಿ, ಹಸಿ ಸೇಬು, ನಾಲಿಗೆಯ ಮೇಲೆ ಸಣ್ಣ ಚುರುಗುಟ್ಟುವಿಕೆ. ಹಿಂದೆ ಆ ಗುಳ್ಳೆಗಳು ಬಾಟಲಿಯಲ್ಲೇ ಹುಟ್ಟುತ್ತಿದ್ದವು. ಈಗ ಅಗ್ಗದ ಬಾಟಲಿಗಳಿಗೆ ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್ ತುಂಬುತ್ತಾರೆ. ಅದನ್ನು ಕೇಳಿ ಮೂಗು ಮುರಿಯುವವರಿದ್ದಾರೆ. ನನಗೇನೂ ಬೇಜಾರಿಲ್ಲ, ಸೆಖೆಗೆ ಅದೇ ಚೆನ್ನ. ಲೊರೈರೊ ದ್ರಾಕ್ಷಿಯದಾದರೆ ಹೂವಿನ ಪರಿಮಳವೂ ಸೇರುತ್ತದೆ.

ಜೂನ್ 23ರ ರಾತ್ರಿ, ಸಾಂವ್ ಜುವಾಂವ್ ಹಬ್ಬಕ್ಕೆ, ಪೋರ್ಟೊದ ಬೀದಿಬೀದಿಯಲ್ಲಿ ಕೆಂಡದ ಮೇಲೆ ಸಾರ್ಡೀನ್ ಸುಡುತ್ತಾರೆ. ನಮ್ಮ ಬೂತಾಯಿಯ ಹತ್ತಿರದ ನೆಂಟ. ಹಾಕುವುದು ಬರೀ ಕಲ್ಲುಪ್ಪು. ಮೆಣಸಿನಕಾಯಿಯನ್ನು ಹಡಗಲ್ಲಿ ತಂದು ನಮಗೆ ಅಂಟಿಸಿದ ಪೋರ್ಚುಗೀಸರು ತಾವು ಮಾತ್ರ ಉಪ್ಪು, ಬೆಳ್ಳುಳ್ಳಿಯಲ್ಲೇ ಸುಖವಾಗಿದ್ದಾರೆ! ಮೀನಿನ ಎಣ್ಣೆಯನ್ನು ಈ ಹುಳಿ ವೈನ್ ತೊಳೆದುಬಿಡುತ್ತದೆ, ಮುಂದಿನ ತುತ್ತು ಮತ್ತೆ ಹೊಸದೆನಿಸುತ್ತದೆ. ಇಂಥ ಮೀನಿಗೆ ಕೆಂಪು ವೈನ್ ಕುಡಿದರೆ ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗಾಗುತ್ತದೆ.

ಖಾರದ ಕಥೆ ಬೇರೆ. ಆಲ್ಕೋಹಾಲ್ ಏರಿದಷ್ಟೂ ಮೆಣಸಿನ ಉರಿ ಏರುತ್ತದೆ. ಅದಕ್ಕೇ ಮಸಾಲೆ ಹಚ್ಚಿದ ಬಂಗುಡೆ ಫ್ರೈಗೆ ವಿಸ್ಕಿಗಿಂತ ಈ ಹಗುರ ವೈನ್ ಎಷ್ಟೋ ವಾಸಿ. ರವೆ ಹಾಕಿ ಕರಿದ ಕಾಣೆ, ಬಿಸಿ ಗೋಳಿಬಜೆ, ಇವೂ ಅದ್ಭುತ. ಊರಿಂದ ಬರುವ ಗೆಳೆಯರು ಮಾತ್ರ ತಟ್ಟೆ ಕಂಡರೆ ಗಾಬರಿಯಾಗುತ್ತಾರೆ. "ಊಟ ಈಗ್ಲೇನಾ ಮಾರಾಯ?" ಪಾಪ, ಅವರ ತಪ್ಪಲ್ಲ. ನಮ್ಮೂರಿನ ವೈನ್ ಶಾಪಿನಲ್ಲಿ ವೈನ್ ಬಿಟ್ಟು ಮಿಕ್ಕಿದ್ದೇ ಜಾಸ್ತಿ ಅಲ್ವಾ?

ಹಾಗಂತ ಎಲ್ಲದಕ್ಕೂ ಹೊಂದುತ್ತದೆ ಎಂದು ಸುಮ್ನೆ ಹೇಳಲಾರೆ. ಹುಳಿ-ಖಾರದ ಮೀನಿನ ಸಾರು ಪುಳಿಮುಂಚಿಯ ಮುಂದೆ ಇದರ ಆಟ ನಡೆಯುವುದಿಲ್ಲ. ತಟ್ಟೆಯ ಹುಳಿ ಗ್ಲಾಸಿನ ಹುಳಿಯನ್ನು ಮೀರಿದರೆ ವೈನ್ ನೀರಿನಂತೆ ಸಪ್ಪೆ. ಹುಣಸೆ ಮುಂದಾದ ಪತ್ರೊಡೆಗೂ ಅದೇ ಗತಿ. ತೆಂಗಿನ ಹಾಲಿನ ಕೋರಿ ಗಸಿಗೆ ಮಾಮೂಲಿ ವಿನ್ಯೋ ವೆರ್ದೆ ತೆಳುವಾಯಿತು. ಅಲ್ಲಿಗೆ ಸ್ಪೇನ್ ಗಡಿಯ ಮೊನ್ಸಾಂವ್, ಮೆಲ್ಗಾಸು ಕಡೆಯ ಅಲ್ವರಿನ್ಯೋ ದ್ರಾಕ್ಷಿಯ ವೈನ್ ಬೇಕು. ಅದಕ್ಕೆ ಮೈ ದಪ್ಪ, ಬೆಲೆಯೂ ಹೆಚ್ಚು. ಆಲ್ಕೋಹಾಲ್ ಶೇ. 12, 13 ಮುಟ್ಟುತ್ತದೆ, ಆದ್ದರಿಂದ ಗಸಿಗೆ ಖಾರ ಸ್ವಲ್ಪ ಕಮ್ಮಿ ಹಾಕಿ. ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷ ಬಿಟ್ಟು ಸುರಿಯಿರಿ, ತೀರಾ ತಣ್ಣಗಿದ್ದರೆ ಪರಿಮಳ ಏಳುವುದಿಲ್ಲ. ಜೊತೆಗೆ ರೊಟ್ಟಿ ಬೇಡ, ನೀರ್ ದೋಸೆ ಇರಲಿ.