ಕೈಯಲ್ಲಿ ಫೋನು, ಬಿಟ್ಟಿ ಪಾಠ: ಹೆಣ್ಣುಮಕ್ಕಳಿಗೆ ಇಷ್ಟು ಸಾಕಾ?

ಪರ: ಪಾಠವೇ ಅವಳಿದ್ದಲ್ಲಿಗೆ ಬರಲಿ

ನನ್ನ ಅಕ್ಕ ಅರ್ಧಕ್ಕೆ ಓದು ಬಿಟ್ಟವಳು. ಮದುವೆ, ಮಗು, ಆಮೇಲೆ ಮನೆಯಲ್ಲಿ ಹಿರಿಯರ ಕಾಯಿಲೆ. ವರ್ಷಗಳು ಕಳೆದ ಮೇಲೆ ಲೆಕ್ಕ ಬರೆಯುವುದನ್ನು ಕಲಿಯಬೇಕು ಅಂತ ಹಟ ಹಿಡಿದಳು. ಕ್ಲಾಸು ಇತ್ತು, ಆದರೆ ಸಂಜೆ. ಮನೆ ನೋಡಿಕೊಳ್ಳುವ ಹೆಂಗಸಿಗೆ ಸಂಜೆ ಎರಡು ಗಂಟೆ ಬಿಡುವು ಎಲ್ಲಿಂದ ಸಿಗಬೇಕು?

ಫೋನಿನಲ್ಲೇ ಕಲಿತಳು. ಮಗು ತೊಡೆಯ ಮೇಲೆ ನಿದ್ದೆ ಹೋದ ಮೇಲೆ ಒಂದೇ ಕಿವಿಗೆ ಇಯರ್‌ಫೋನ್. ಮಗು ಎದ್ದರೆ ಕೇಳಿಸಲಿ ಅಂತ ಇನ್ನೊಂದು ಕಿವಿ ಖಾಲಿ. ತಾಳೆ ಪಟ್ಟಿಯ (ಟ್ರಯಲ್ ಬ್ಯಾಲೆನ್ಸ್) ಎರಡು ಕಡೆಯ ಮೊತ್ತ ಯಾಕೆ ಸರಿಹೋಗುತ್ತಿಲ್ಲ ಅಂತ ಅದೇ ಹತ್ತು ನಿಮಿಷದ ಪಾಠವನ್ನು ಏಳು ಸಲ ನೋಡಿದಳಂತೆ. ತರಗತಿಯಲ್ಲಿ ಏಳು ಸಲ ಕೇಳುವ ಧೈರ್ಯ ಯಾರಿಗಿದೆ ಹೇಳಿ? ಫೋನಿಗೆ ಬೇಸರವಾಗುವುದಿಲ್ಲ.

ನಾನು ಮತ್ತೆ ಮತ್ತೆ ಹೇಳುವುದು ಇದನ್ನೇ. ಹೆಣ್ಣುಮಕ್ಕಳಿಗೆ ಬುದ್ಧಿ ಕಡಿಮೆ ಇಲ್ಲ, ಆಸೆ ಕಡಿಮೆ ಇಲ್ಲ. ಕಡಿಮೆ ಇರುವುದು ಹೊತ್ತು. ತುಂಡು ತುಂಡಾಗಿ ಸಿಗುವ ಹೊತ್ತಿಗೆ ತಕ್ಕ ಪಾಠ ಫೋನಿನಲ್ಲಿ ಮಾತ್ರ ಸಿಗುತ್ತದೆ.

ಬಿಟ್ಟಿ ಪಾಠಕ್ಕೂ ಮುಕ್ತ ಪಾಠಕ್ಕೂ ವ್ಯತ್ಯಾಸ ಇದೆ, ಅದನ್ನೂ ಹೇಳಿಬಿಡುತ್ತೇನೆ. 2001ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ತನ್ನ ಪಾಠಗಳನ್ನು ಜಾಲದಲ್ಲಿ ಎಲ್ಲರಿಗೂ ಇಡುವುದಾಗಿ ಹೇಳಿತು. ಮರುವರ್ಷ ವಿಶ್ವಸಂಸ್ಥೆಯ ಶಿಕ್ಷಣ ಸಂಸ್ಥೆ ಯುನೆಸ್ಕೋದ ಸಭೆಯಲ್ಲಿ 'ಮುಕ್ತ ಶೈಕ್ಷಣಿಕ ಸಂಪನ್ಮೂಲ' ಎಂಬ ಹೆಸರು ಹುಟ್ಟಿತು. 2019ರಲ್ಲಿ ಯುನೆಸ್ಕೋ ಇದಕ್ಕಾಗಿಯೇ ಒಂದು ಶಿಫಾರಸನ್ನು ಅಂಗೀಕರಿಸಿತು. ಮುಕ್ತ ಅಂದರೆ ನೋಡುವುದಕ್ಕೆ ಮಾತ್ರ ಅಲ್ಲ. ಇಳಿಸಿಟ್ಟುಕೊಳ್ಳಬಹುದು, ಬದಲಾಯಿಸಬಹುದು, ಇನ್ನೊಂದರ ಜೊತೆ ಬೆರೆಸಬಹುದು, ಹಂಚಬಹುದು. ಬಸುರಿಯರ ರಕ್ತಹೀನತೆ ಬಗ್ಗೆ ಒಂದು ಪಾಠ ಇದ್ದರೆ, ಒಬ್ಬ ದಾದಿ ಅದನ್ನು ತನ್ನ ಜನ ಆಡುವ ಮಾತಿಗೆ ತಂದು, ತನ್ನದೇ ದನಿಯಲ್ಲಿ ಓದಿ ಕಳಿಸಬಹುದು. ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. (ಇಂಥ ಪಾಠಗಳನ್ನು ಹೇಗೆ ಬಳಸಬಹುದು ಅಂತ ಹೇಳುವ ಪರವಾನಗಿ ಕ್ರಿಯೇಟಿವ್ ಕಾಮನ್ಸ್. ಅದರ ಗುರುತಿನ ಜೊತೆ 'ಎನ್‌ಡಿ' ಅಂತ ಇದ್ದರೆ ಮಾತ್ರ ಬದಲಾಯಿಸಿ ಹಂಚುವ ಹಾಗಿಲ್ಲ. ನೋಡಿಕೊಳ್ಳಿ.) ನೆಟ್ ಸಿಗದಿದ್ದರೂ ಪರವಾಗಿಲ್ಲ. ಕಿವಿಕ್ಸ್ ಎಂಬ ತಂತ್ರಾಂಶದಲ್ಲಿ ವಿಕಿಪೀಡಿಯವನ್ನೇ ಇಳಿಸಿಟ್ಟು ಓದಬಹುದು.

ಬೇಡ ಅನ್ನುವವರು ಏನು ಹೇಳುತ್ತಾರೆ ಅಂತ ನನಗೆ ಗೊತ್ತು. ಫೋನು ಕೈಗೆ ಬಂದರೆ ಹೆಣ್ಣುಮಕ್ಕಳು ಹಾಳಾಗುತ್ತಾರೆ, ಅಷ್ಟೇ ಅವರ ವಾದ. ಅಂಥವರು ಒಂದು ರಾತ್ರಿ ನನ್ನ ಅಕ್ಕನ ಪಕ್ಕ ಕೂತು ನೋಡಲಿ. ಈಗ ಅವಳು ಇಬ್ಬರು ವ್ಯಾಪಾರಿಗಳ ಲೆಕ್ಕ ಬರೆಯುತ್ತಾಳೆ. ಮೊದಲ ತಿಂಗಳ ಸಂಬಳವನ್ನು ಮೂರು ಸಲ ಎಣಿಸಿದಳು. ಮೊತ್ತ ತಾಳೆಯಾಯಿತು ಅಂತ ಫೋನ್ ಮಾಡಿ ಅತ್ತಳು.

ವಿರೋಧ: ಫೋನು ಯಾರದು?

ಈ ಕಡೆಯಿಂದ ಬರೆಯಿರಿ ಎಂದಾಗ ಸ್ವಲ್ಪ ಹಿಂದೇಟು ಹಾಕಿದೆ. ಫೋನಿನಲ್ಲಿ ಕಲಿಯುವುದೇ ತಪ್ಪು ಅಂತ ನಾನು ಹೇಳಲಾರೆ. ನನ್ನ ತಕರಾರು ಇರುವುದು ಸಬಲೀಕರಣ ಎಂಬ ದೊಡ್ಡ ಮಾತಿನ ಮೇಲೆ. ಕೈಗೆ ಫೋನು ಕೊಟ್ಟುಬಿಟ್ಟರೆ ಹೆಣ್ಣಿನ ಕಷ್ಟವೆಲ್ಲ ತೀರಿತು ಅಂತ ನಂಬುವವರು ಜಾಸ್ತಿ ಆಗಿದ್ದಾರೆ.

ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಗಂಡಸರಿಗಿಂತ ಕಡಿಮೆ ಹೆಂಗಸರ ಹತ್ತಿರ ಸ್ಮಾರ್ಟ್‌ಫೋನ್ ಇದೆ ಎಂದು ಮೊಬೈಲ್ ಕಂಪನಿಗಳ ಜಾಗತಿಕ ಒಕ್ಕೂಟವಾದ ಜಿಎಸ್‌ಎಂಎಯ ವರದಿಗಳು ವರ್ಷ ವರ್ಷ ಹೇಳುತ್ತಿವೆ. ಜಗತ್ತಿನಲ್ಲಿ ಓದು ಬರಹ ಬಾರದ ವಯಸ್ಕರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೆಂಗಸರೇ. ಮುಕ್ತ ಪಾಠಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿವೆ. ಆನ್‌ಲೈನ್ ಕೋರ್ಸಿಗೆ ಹೆಸರು ಕೊಟ್ಟವರಲ್ಲಿ ಹೆಚ್ಚಿನವರು ಮುಗಿಸುವುದೇ ಇಲ್ಲ. ಮುಗಿಸಿದರೂ ಕೆಲಸ ಕೊಡುವವರು ಕೇಳುವುದು ಸರ್ಟಿಫಿಕೇಟು. ಬಿಡುವಿನ ಪ್ರಶ್ನೆಯೂ ಇದೆ, ಗೊತ್ತು. ಅದು ಬೇರೆ ಚರ್ಚೆ, ಇಲ್ಲಿ ಬೇಡ.

ಹೆಂಗಸರ ಒಂದು ಗುಂಪಿಗೆ ಕೆಲವು ತಿಂಗಳು ಫೋನಿನಲ್ಲೇ ಪಾಠ ಮಾಡಿದ್ದೆ. ಒಬ್ಬರ ಉತ್ತರಗಳು ಗಂಡನ ಹೆಸರಿನಲ್ಲಿ ಬರುತ್ತಿದ್ದವು, ಯಾವಾಗಲೂ ರಾತ್ರಿ ಹನ್ನೊಂದರ ಮೇಲೆ. ನಂಬರು ಅವರದು, ಕಲಿಕೆ ಇವರದು. ತಪ್ಪು ತಿದ್ದಿ ಕಳಿಸಿದರೆ ಆ ಸಂದೇಶವನ್ನು ಮೊದಲು ಓದುತ್ತಿದ್ದವರು ಗಂಡ. ಒಂದು ವಾರ ಉತ್ತರ ಬರಲಿಲ್ಲ. ಎರಡನೇ ವಾರವೂ ಇಲ್ಲ. ನಾನು ನೆನಪಿಸಿದ್ದು ಯಾರ ಕಣ್ಣಿಗೆ ಬಿತ್ತೋ, ಏನಾಯಿತೋ. ಇವತ್ತಿಗೂ ಅದು ನನ್ನನ್ನು ಕೊರೆಯುತ್ತದೆ.

ಮೂರನೇ ವಾರ ಬೇರೆ ಯಾವುದೋ ನಂಬರಿನಿಂದ ಒಂದು ಫೋಟೋ ಬಂತು. ಗೆರೆ ಹಾಕಿದ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದ ಉತ್ತರಗಳು. ಮೇಲೆ ಅವರದೇ ಹೆಸರು, ಕೆಳಗೆ ಎರಡು ಸಲ ಗೆರೆ ಎಳೆದಿದ್ದರು. ಕೊನೆಯ ಎರಡು ಪ್ರಶ್ನೆಗೆ ಉತ್ತರ ಇರಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯವರು ಫೋನು ವಾಪಸ್ ಕೇಳಿದ್ದರಂತೆ.