ಗಾಳದ ಕೋಲು: ಬಿದಿರೋ, ಗ್ರಾಫೈಟೋ?

ಫ್ಲೈ ಗಾಳಕ್ಕೆ ಒಂದೇ ಕೋಲು ಕೊಳ್ಳುವುದಾದರೆ ಅದು ಸೀಳುಬಿದಿರಿನದಾಗಿರಬೇಕೇ?

ಪರ

ಹಾವೇರಿಯ ಕಡೆ ಗಾಳ ಎಂದರೆ ಒಂದು ಬಿದಿರುಕೋಲು, ಅದರ ತುದಿಗೆ ಕಟ್ಟಿದ ನೈಲಾನ್ ದಾರ, ಒಂದು ಬೆಂಡು ಮತ್ತು ಕೊಕ್ಕೆಗೆ ಚುಚ್ಚಿದ ಎರೆಹುಳು, ಅಷ್ಟೇ. ವರದಾ ನದಿಯ ದಂಡೆಯಲ್ಲಿ ಶಾಲೆ ಬಿಟ್ಟ ಹುಡುಗರು ಇಂದಿಗೂ ಹೀಗೆಯೇ ಕುಳಿತಿರುತ್ತಾರೆ. ಫ್ಲೈ ಗಾಳದ ಲೆಕ್ಕ ಬೇರೆ. ಕೊಕ್ಕೆಗೆ ಗರಿ, ನೂಲು ಸುತ್ತಿ ಮಾಡಿದ ಹುಸಿಹುಳಕ್ಕೆ ಹೇಳಿಕೊಳ್ಳುವ ತೂಕವಿರುವುದಿಲ್ಲ, ಸೀಸದ ಗುಂಡನ್ನೂ ಕಟ್ಟುವುದಿಲ್ಲ. ಎಸೆಯಬೇಕಾದದ್ದು ದಪ್ಪನೆಯ ದಾರವನ್ನೇ. ಈ ದಾರಕ್ಕೆ ನಂಬರು ಕೊಡುವುದು ತೂಕದ ಮೇಲೆ, ನಂಬರು ಹೆಚ್ಚಿದಷ್ಟೂ ದಾರ ಭಾರ; ಐದನೆಯ ನಂಬರಿನ ದಾರದ ಮೊದಲ 30 ಅಡಿಯನ್ನು ತೂಗಿದರೆ ಸುಮಾರು 9 ಗ್ರಾಂ ಬರುತ್ತದೆ. ಆ ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಂಡು ಕೋಲನ್ನು ಬಾಗಿಸಬೇಕು, ಬಾಗಿದ ಕೋಲು ನೆಟ್ಟಗಾಗುತ್ತ ಅದನ್ನು ಮುಂದಕ್ಕೆ ಬೀಸಬೇಕು. ಆದ್ದರಿಂದ ಕೋಲು ಯಾವುದರದು ಎಂದು ಕೇಳುವುದು ಶೋಕಿಯ ಮಾತಲ್ಲ. ಅದು ಹೇಗೆ ಬಾಗುತ್ತದೆ ಎಂದು ಕೇಳಿದಂತೆಯೇ.

ಬುಟ್ಟಿ, ಮೊರ ಹೆಣೆಯುವ ಮೇದಾರರ ಹಿರಿಯರೊಬ್ಬರು ಬಿದಿರು ಸೀಳುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಬುಡಕ್ಕೆ ಕತ್ತಿಯಿಟ್ಟು ಒಂದು ಏಟು ಹಾಕಿದರೆ ಗೆಣ್ಣಿನಿಂದ ಗೆಣ್ಣಿಗೆ ಚಟಚಟನೆ ಸದ್ದು ಮಾಡುತ್ತ ಸೀಳು ತಾನೇ ಓಡುತ್ತದೆ. ಅದು ಒಂದು ಬದಿಗೆ ವಾಲಿತೆಂದರೆ ದಪ್ಪಗಿರುವ ಅರ್ಧವನ್ನು ಮೊಣಕಾಲಿಗೆ ಒತ್ತಿ ಹೆಚ್ಚು ಬಾಗಿಸಿ ಮತ್ತೆ ನಡುವಿಗೆ ತರುತ್ತಾರೆ. ಸಿಪ್ಪೆಯ ಕಡೆಯ ದಬ್ಬೆ ಬುಟ್ಟಿಯ ಅಂಚಿಗೆ ಹೋಗುತ್ತದೆ, ಒಳಗಿನ ಬಿಳಿ ತಿರುಳು ಹೆಚ್ಚಾಗಿ ಒಲೆಗೆ ಹೋಗುತ್ತದೆ. ಬಿದಿರಿನ ಬಲವೆಲ್ಲ ಹೊರಮೈಗೆ ಅಂಟಿಕೊಂಡಿರುವ ನಾರುಗಳಲ್ಲಿದೆ ಎಂಬುದನ್ನು ಅವರಿಗೆ ಯಾರೂ ಪುಸ್ತಕ ತೆರೆದು ಹೇಳಿಕೊಟ್ಟಿಲ್ಲ.

ಫ್ಲೈ ಕೋಲಿನ ಇಡೀ ವಿದ್ಯೆ ನಿಂತಿರುವುದು ಇದೇ ತಿಳಿವಳಿಕೆಯ ಮೇಲೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸ್ಯಾಮ್ಯುಯೆಲ್ ಫಿಲಿಪ್ 1840ರ ದಶಕದಲ್ಲಿ ಬಿದಿರಿನ ಸೀಳುಗಳನ್ನು ಅಂಟಿಸಿ ಕೋಲು ಮಾಡತೊಡಗಿದ. 1870ರ ದಶಕದಲ್ಲಿ ಮೇನ್ ರಾಜ್ಯದ ಹೈರಮ್ ಲೆನಾರ್ಡ್ ಆರು ಸೀಳುಗಳ ಕೋಲನ್ನು ವ್ಯಾಪಾರಕ್ಕೆ ಒಗ್ಗಿಸಿದ. ಪ್ರತಿಯೊಂದು ಸೀಳನ್ನೂ ಉಕ್ಕಿನ ಅಚ್ಚಿನೊಳಗಿಟ್ಟು, 60 ಡಿಗ್ರಿ ಕೋನದ ತ್ರಿಕೋನವಾಗುವಂತೆ, ಬುಡದಿಂದ ತುದಿಯವರೆಗೆ ತೆಳುವಾಗುತ್ತ ಹೋಗುವಂತೆ ಹತ್ತರಿಯಿಂದ ಹೆರೆಯುತ್ತಾರೆ. ಹೆರೆಯುವುದು ಒಳಗಿನ ಎರಡು ಮೈಗಳನ್ನು ಮಾತ್ರ, ಹೊರಮೈಯ ನಾರನ್ನು ಕೆರೆದರೆ ಕೋಲು ಸತ್ತಂತೆ. ಗೆಣ್ಣುಗಳು ಒಂದೇ ಸಾಲಿನಲ್ಲಿ ಬಾರದಂತೆ ಸೀಳುಗಳನ್ನು ಹಿಂದುಮುಂದು ಮಾಡಿ ಜೋಡಿಸಿ ಅಂಟಿಸಿದರೆ ಷಟ್ಕೋನದ ಗಟ್ಟಿ ಕೋಲಾಗುತ್ತದೆ, ಆರೂ ಮುಖಗಳಲ್ಲಿ ಬಿದಿರಿನ ಹೊರನಾರೇ ಇರುತ್ತದೆ.

ಇಂಥ ಕೋಲು ತನ್ನ ತೂಕದಿಂದಲೇ ಅರ್ಧ ಬಾಗಲು ಸಿದ್ಧವಾಗಿರುತ್ತದೆ. ಹಾನಗಲ್ಲಿನ ಆನೆಕೆರೆಯಂಥ ನೀರಿನ ಅಂಚಿನಲ್ಲಿ ಜಿಲೇಬಿ ಮೀನು ಹುಳ ಹಿಡಿಯಲು ಮೇಲೆ ಬರುವುದು ದಂಡೆಯಿಂದ 20, 25 ಅಡಿಯೊಳಗೆ. ಅಷ್ಟು ಹತ್ತಿರಕ್ಕೆ ಎಸೆಯುವಾಗ ಹೊರಗಿರುವ ದಾರ ಚಿಕ್ಕದು, ಅದರ ತೂಕವೂ ಕಡಿಮೆ. ಬಿರುಸಾದ ಗ್ರಾಫೈಟ್ ಕೋಲು, ಎಂದರೆ ಕಾರ್ಬನ್ ನಾರಿನ ಕೋಲು, ಆ ತೂಕವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಎಸೆಯುವವನು ತೋಳಿನಿಂದ ದೂಡಬೇಕಾಗುತ್ತದೆ, ಹುಸಿಹುಳ ನೀರಿಗೆ ಕಲ್ಲಿನಂತೆ ಬೀಳುತ್ತದೆ. ಬಿದಿರು ಹದಿನೈದು ಅಡಿ ದಾರಕ್ಕೂ ಬಾಗುತ್ತದೆ, ಮತ್ತು ಮೀನು ಒಮ್ಮೆಲೇ ಎಳೆದಾಗ ತೆಳುವಾದ ತುದಿದಾರ ಹರಿಯದಂತೆ ಆ ಎಳೆತವನ್ನು ತಾನು ನುಂಗುತ್ತದೆ.

ಬಿದಿರು ಹಿಂದೆ ಬಿದ್ದದ್ದು ಗುಣ ಕಡಿಮೆಯಾಗಿದ್ದಕ್ಕೆ ಅಲ್ಲ ಎಂಬುದನ್ನೂ ಹೇಳಬೇಕು. ಈ ಕೋಲುಗಳಿಗೆ ಬೇಕಾದ ಟೊಂಕಿನ್ ಬಿದಿರು ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದ್ದು, 1950ರಲ್ಲಿ ಅಮೆರಿಕ ಚೀನಾದ ವ್ಯಾಪಾರಕ್ಕೆ ನಿಷೇಧ ಹಾಕಿದಾಗ ಕುಶಲಿಗಳ ಕೈಗೆ ಮಾಲೇ ಸಿಗದಾಯಿತು. ಆ ಹೊತ್ತಿಗೆ ಕೂಡಿಟ್ಟ ಬಿದಿರಿನಿಂದ ಮಾಡಿದ ಕೋಲುಗಳು, ರೇಷ್ಮೆ ನೂಲಿನ ಸುತ್ತು ಬದಲಿಸಿ ಹೊಸದಾಗಿ ವಾರ್ನಿಷ್ ಹಚ್ಚಿಸಿಕೊಂಡು, ಇನ್ನೂ ನೀರಿನ ಮೇಲೆ ಬೀಸುತ್ತಿವೆ.

ವಿರೋಧ

ಮೇದಾರರ ಕತ್ತಿಯ ಕೈಚಳಕವನ್ನು ಒಪ್ಪುತ್ತೇನೆ. ಆದರೆ ಆ ವರ್ಣನೆಯಿಂದ ಫ್ಲೈ ಕೋಲಿಗೆ ಜಿಗಿಯುವಾಗ ನಡುವೆ ಒಂದು ಸಮುದ್ರವೇ ಇದೆ. ಬುಟ್ಟಿಯ ಬಿದಿರು ನಮ್ಮದು, ಕೋಲಿನ ಬಿದಿರು ಗ್ವಾಂಗ್‌ಡಾಂಗ್‌ನದು. ಲಾಠಿಗೆ ಬಳಸುವ, ಒಳಗೆ ಬಹುಪಾಲು ಗಟ್ಟಿಯಾಗಿರುವ ನಮ್ಮ ಬಿದಿರಿನಿಂದ ಎರೆಹುಳುವಿನ ಗಾಳಕ್ಕೆ ಒಳ್ಳೆಯ ಕೋಲಾಗುತ್ತದೆ, ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಕೇಳಬಾರದು. ಟೊಂಕಿನ್ ಬಿದಿರಿನ ಕೋಲನ್ನು ಹೆಸರಾಂತ ಕುಶಲಿಯಿಂದ ಮಾಡಿಸಿಕೊಂಡರೆ ಸಾವಿರ ಡಾಲರಿಗೂ ಮೇಲೆ ತೆರಬೇಕು, ಅದರ ಮೇಲೆ ಸಾಗಣೆ ಮತ್ತು ಸುಂಕ. ಗ್ರಾಫೈಟ್ ಕೋಲು ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಒಂದೇ ಕೋಲು ಕೊಳ್ಳುವವನ ಪ್ರಶ್ನೆಯನ್ನು ನಾವಿಲ್ಲಿ ಚರ್ಚಿಸುತ್ತಿದ್ದೇವೆ ಎಂಬುದನ್ನು ಮರೆಯಬಾರದು.

ನಿಷೇಧದ ಕಥೆಯನ್ನೂ ಪರವಾದಿಗಳು ಅರ್ಧಕ್ಕೆ ನಿಲ್ಲಿಸಿದ್ದಾರೆ. ಆ ನಿಷೇಧ 1971ರಲ್ಲಿ ತೆರವಾಯಿತು. ಬಿದಿರು ಮತ್ತೆ ಸಿಗತೊಡಗಿದ ಮೇಲೂ ಗಾಳದವರು ಅದರ ಕಡೆ ದೊಡ್ಡ ಸಂಖ್ಯೆಯಲ್ಲಿ ಮರಳಲಿಲ್ಲ, ಏಕೆಂದರೆ 1960ರ ದಶಕದಲ್ಲಿ ಬ್ರಿಟನ್ನಿನ ಫಾರ್ನ್‌ಬರೋದಲ್ಲಿ ವಿಮಾನಗಳಿಗಾಗಿ ರೂಪುಗೊಂಡ ಕಾರ್ಬನ್ ನಾರು ಅಷ್ಟರಲ್ಲಿ ಕೋಲಿಗೆ ಇಳಿದಿತ್ತು. 1973ರಲ್ಲಿ ಫೆನ್‌ವಿಕ್ ಕಂಪನಿಯ ಗ್ರಾಫೈಟ್ ಫ್ಲೈ ಕೋಲು ಮಾರುಕಟ್ಟೆಗೆ ಬಂದಿತು. ರಾಳ ಹೀರಿದ ಕಾರ್ಬನ್ ಬಟ್ಟೆಯನ್ನು ಉಕ್ಕಿನ ಸಪೂರ ಸಲಾಕೆಗೆ ಸುತ್ತಿ, ಒಲೆಯಲ್ಲಿ ಬೇಯಿಸಿ, ಸಲಾಕೆಯನ್ನು ಹೊರಗೆಳೆದರೆ ಉಳಿಯುವುದು ಪೊಳ್ಳಾದ, ಹಗುರವಾದ ಕೊಳವೆ. ಬಿದಿರಿನ ಕೋಲು ಒಳಗೂ ತುಂಬಿಕೊಂಡಿರುವುದರಿಂದ ಉದ್ದ ಹೆಚ್ಚಿದಂತೆ ಅದರ ತುದಿ ಭಾರವಾಗುತ್ತದೆ, ಆದ್ದರಿಂದಲೇ ಅದು ಏಳೆಂಟು ಅಡಿಯಲ್ಲಿ ಚೆನ್ನಾಗಿರುತ್ತದೆ. ಗ್ರಾಫೈಟಿನಲ್ಲಿ ಒಂಬತ್ತು ಅಡಿ ಮಾಮೂಲು.

ಈ ಒಂಬತ್ತು ಅಡಿಯ ಬೆಲೆ ಆನೆಕೆರೆಯ ದಂಡೆಯಲ್ಲಿ ತಿಳಿಯುವುದಿಲ್ಲ. ಮುಂಡರಗಿ ತಾಲ್ಲೂಕಿನ ಹಮ್ಮಿಗಿಯ ಬಳಿ ಬ್ಯಾರೇಜಿನ ಹಿನ್ನೀರಿಗೆ ಬನ್ನಿ. ಕಪ್ಪತಗುಡ್ಡದ ನೆತ್ತಿಯ ಮೇಲೆ ಸಾಲುಸಾಲು ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಪಡುವಣ ಗಾಳಿ ಮುಖಕ್ಕೆ ಹೊಡೆಯುವಾಗ ದಾರದ ಕುಣಿಕೆ ಗಾಳಿಯಲ್ಲೇ ನಿಂತು ಎಸೆದವನ ಟೋಪಿಯ ಮೇಲೆ ಬೀಳುತ್ತದೆ. ಅಂಥ ಗಾಳಿಯನ್ನು ಸೀಳಿ ಎಂಟನೆಯ ನಂಬರಿನ ದಾರವನ್ನು 50 ಅಡಿ ದೂರಕ್ಕೆ, ಬಾಳೆಮೀನು ಸುಳಿದಾಡುವ ಆಳದ ಅಂಚಿಗೆ ಮುಟ್ಟಿಸಬೇಕಾದರೆ ಬಾಗಿದ ತಕ್ಷಣ ಚಿಮ್ಮಿ ನೆಟ್ಟಗಾಗುವ ಕೋಲೇ ಬೇಕು. ನಿಧಾನವಾಗಿ ಬಾಗುವ, ನಿಧಾನವಾಗಿ ಏಳುವ ಕೋಲು ಅಲ್ಲಿ ಹಾಡು ಹೇಳುತ್ತ ಕುಳಿತಿರುತ್ತದೆ.

ಇನ್ನು ಆರೈಕೆ. ಸ್ನೇಹಿತರೊಬ್ಬರು ಹಳೆಯ ಸೀಳುಬಿದಿರಿನ ಕೋಲೊಂದನ್ನು ನಾಲ್ಕು ದಿನದ ಮಟ್ಟಿಗೆ ಕೊಟ್ಟಿದ್ದರು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ನೆನೆದು ಮನೆಗೆ ಬಂದವನು ಕೋಲನ್ನು ಒರೆಸದೆ ಬಟ್ಟೆಯ ಚೀಲಕ್ಕೆ ತೂರಿಸಿ, ಚೀಲವನ್ನು ಅಲ್ಯೂಮಿನಿಯಂ ಕೊಳವೆಗಿಳಿಸಿ, ಮುಚ್ಚಳ ತಿರುಗಿಸಿ ಅಟ್ಟಕ್ಕೆ ಹಾಕಿದೆ. ಎರಡು ವಾರದ ನಂತರ ತೆಗೆದರೆ ಕಾರ್ಕಿನ ಹಿಡಿಕೆಯ ಮೇಲೆ ಬೂದಿಬಣ್ಣದ ಬೂಷ್ಟು, ಗೆಣ್ಣುಗಳ ಬಳಿ ವಾರ್ನಿಷ್ ಬೆಳ್ಳಗೆ ಮಂಕಾಗಿತ್ತು, ಮತ್ತು ತುದಿಯ ಭಾಗವನ್ನು ಮೇಜಿನ ಮೇಲೆ ಉರುಳಿಸಿದಾಗ ಅದು ನೆಟ್ಟಗೆ ಉರುಳದೆ ಬಾಲ ಎತ್ತಿ ಬಾಲ ಇಳಿಸಿತು. ತಪ್ಪು ಪೂರ್ತಿ ನನ್ನದೇ. ಕಾವು ಕೊಟ್ಟು ಡೊಂಕು ತಿದ್ದಬಹುದಂತೆ, ತಿದ್ದುವ ಕೈ ನಮ್ಮ ಕಡೆ ಎಲ್ಲಿದೆ? ಆ ಸ್ನೇಹಿತರ ಮನೆಯ ಗೇಟಿನ ಮುಂದೆ ಕೊಳವೆ ಹಿಡಿದು ನಿಂತ ಹತ್ತು ನಿಮಿಷ ನನಗೆ ಚೆನ್ನಾಗಿ ನೆನಪಿದೆ.

ಗ್ರಾಫೈಟ್ ಮುರಿಯುವುದಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಭಾರದ ಕೊಕ್ಕೆಯೊಂದು ತಾಗಿ ಕಣ್ಣಿಗೆ ಕಾಣದಷ್ಟು ಗೀರು ಬಿದ್ದರೂ ಮುಂದೊಂದು ದಿನ ಅಲ್ಲಿಯೇ ಟಪ್ಪೆಂದು ತುಂಡಾಗುತ್ತದೆ, ಬಿದಿರಿನಂತೆ ಮೊದಲು ಕಿರುಗುಟ್ಟಿ ಎಚ್ಚರಿಸುವುದಿಲ್ಲ. ನನ್ನ ಕೋಲಿನ ತುದಿ ಮುರಿದದ್ದು ನದಿಯಲ್ಲಿ ಅಲ್ಲ, ಮನೆಯ ಪಡಸಾಲೆಯಲ್ಲಿ, ಮಗನಿಗೆ ತೋರಿಸಲು ಜೋಡಿಸಿ ಎತ್ತಿ ಹಿಡಿದಾಗ ತಿರುಗುವ ಫ್ಯಾನಿಗೆ ಸಿಕ್ಕಿ. ನಾಲ್ಕು ತುಂಡಿನ ಕೋಲಾದ್ದರಿಂದ ಒಂದು ತುಂಡನ್ನು ತರಿಸಿಕೊಂಡೆ, ಮುಂದಿನ ತಿಂಗಳು ಅದೇ ಕೋಲಿನಲ್ಲಿ ಗಳಗನಾಥದ ಸಂಗಮದಲ್ಲಿ ಎಸೆದೆ.

ಕೆರೆಯ ನೀರಾದರೆ ಗುತ್ತಿಗೆ ಹಿಡಿದವರ ಅನುಮತಿ ಪಡೆದು ಇಳಿಯಬೇಕು, ಅದು ಎರಡೂ ಕೋಲಿಗೆ ಒಂದೇ. ಗ್ರಾಫೈಟಿನವನಿಗಂತೂ ಇನ್ನೊಂದು ಕಟ್ಟಳೆ ಇದೆ: ಕಾರ್ಬನ್ನಿನಲ್ಲಿ ವಿದ್ಯುತ್ ಹರಿಯುತ್ತದೆ. ಕಾಲುವೆಯ ಏರಿಯ ಮೇಲೆ ಪಂಪ್‌ಸೆಟ್ಟಿನ ತಂತಿಗಳು ತಲೆಗೆ ತಾಗುವಂತೆ ಜೋತುಬಿದ್ದಿರುವಲ್ಲಿ ಕೋಲನ್ನು ಬಿಚ್ಚಿ, ತುಂಡುಗಳನ್ನು ಅಡ್ಡ ಹಿಡಿದು ನಡೆಯಬೇಕು, ಮತ್ತು ಮುಂಗಾರಿನ ಮೊದಲ ಗುಡುಗು ಕೇಳಿದ ಕೂಡಲೇ, ಮೀನು ಎಷ್ಟೇ ಏಳುತ್ತಿದ್ದರೂ, ಕೋಲನ್ನು ನೆಲಕ್ಕಿಟ್ಟು ದೂರ ಸರಿಯಬೇಕು.