ಹೋತಕ್ಕೆ ಟೇಪು, ರೈತನಿಗೆ ಟೋಪಿ

ಐದು ರೂಪಾಯಿ ಬಿಸ್ಕತ್ತು ಪೊಟ್ಟಣದ ಮೇಲೂ ಇಷ್ಟು ಗ್ರಾಂ ಅಂತ ಅಚ್ಚು ಹಾಕಬೇಕು. 2009ರ ತೂಕ-ಅಳತೆ ಕಾನೂನು, ತಪ್ಪಿದರೆ ದಂಡ. ಆದರೆ ಸಂತೆಯಲ್ಲಿ ಹೋತದ ತೂಕ ಎಷ್ಟು ಅಂತ ಕೇಳಿ ನೋಡಿ. ಕೇಳಿದವನನ್ನೇ ಮೇಲಿಂದ ಕೆಳಗೆ ತೂಗಿ ನೋಡುತ್ತಾರೆ.

ಬಕ್ರೀದ್ ಹತ್ತಿರ ಬಂತು ಅಂತ ನನ್ನ ನಂದಿದುರ್ಗ ತಳಿಯ ಹೋತವನ್ನು ಸಂತೆಗೆ ಹೊಡೆದುಕೊಂಡು ಹೋಗಿದ್ದೆ. ದಲ್ಲಾಳಿ ಬಂದ. ಸೊಂಟದ ಮೇಲೆ ಹೆಬ್ಬೆರಳು ಒತ್ತಿದ. ಒಂದು ಸಲ ಎತ್ತಿ ಇಳಿಸಿದ. "ಇಪ್ಪತ್ತೈದು ಕೆಜಿ ಅಣ್ಣ, ಜಾಸ್ತಿ ಇಲ್ಲ" ಅಂದ. ಆಮೇಲೆ ಟವೆಲ್ ಮರೆಯಲ್ಲಿ ನನ್ನ ಬೆರಳು ಹಿಡಿದು ರೇಟು ಹೇಳಿದ. ದೇಶದ ರಕ್ಷಣಾ ಗುಟ್ಟಿಗೂ ಇಷ್ಟು ಮರೆ ಇರಲಿಕ್ಕಿಲ್ಲ.

ನಾನೂ ಓದಿಕೊಂಡೇ ಹೋಗಿದ್ದೆ. ಜೇಬಿನಿಂದ ದರ್ಜಿ ಟೇಪು ತೆಗೆದೆ. ಮುಂಗಾಲಿನ ಹಿಂದೆ ಎದೆ ಸುತ್ತಳತೆ 28 ಇಂಚು. ಭುಜದ ಮೂಳೆಯಿಂದ ಬಾಲದ ಬುಡದ ಪಕ್ಕದ ಮೂಳೆವರೆಗೆ ಉದ್ದ 26. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 300ರಿಂದ ಭಾಗಿಸಿದರೆ ಪೌಂಡಿನಲ್ಲಿ ತೂಕ. ಸುಮಾರು 68 ಪೌಂಡು, ಅಂದರೆ 31 ಕೆಜಿ ಹತ್ತಿರ. ಇಂಗ್ಲಿಷರು ಹೋದರೂ ಅವರ ಪೌಂಡು ನಮ್ಮ ಹೋತದ ಎದೆಗೆ ಸುತ್ತಿಕೊಂಡೇ ಇದೆ.

"ಅದು ಉಸಿರು ಎಳೆದಾಗ ಅಳೆದಿದ್ದೀರಿ, ಬಿಟ್ಟಾಗ ಅಳೆಯಿರಿ" ಅಂದ ದಲ್ಲಾಳಿ. ಸುಮ್ನೆ ಹೇಳಿದ್ದಲ್ಲ. ಸುತ್ತಳತೆ ಒಂದೇ ಇಂಚು ಏರಿದರೆ ತೂಕ 2 ಕೆಜಿಗೂ ಜಾಸ್ತಿ ಏರುತ್ತದೆ. ಕೆಜಿಗೆ 400 ರೂಪಾಯಿ ಹಿಡಿದರೂ ಇಂಚಿಗೆ ಎಂಟುನೂರರ ಮೇಲಾಯಿತು. ಬೆಂಗಳೂರಿನ ಸೈಟಿಗೆ ಹೀಗೆ ಇಂಚಿಗಾಗಿ ಜಗಳವಾಡುವುದನ್ನು ನೋಡಿದ್ದೆ. ತಳಿ, ವಯಸ್ಸು, ಗಂಡು-ಹೆಣ್ಣು ಬದಲಾದರೆ ಲೆಕ್ಕವೂ ಬದಲಾಗಬೇಕು. ಅದಕ್ಕೇ ಸಂಶೋಧಕರು ಹಲವು ದೇಸಿ ತಳಿಗಳಿಗೆ ಬೇರೆ ಬೇರೆ ಸಮೀಕರಣ ಕಟ್ಟಿದ್ದಾರೆ. ಸಮೀಕರಣ ಕಪಾಟಿನಲ್ಲಿದೆ, ಹೋತ ಸಂತೆಯಲ್ಲಿದೆ. ಇಬ್ಬರಿಗೂ ಪರಿಚಯವಿಲ್ಲ.

ಟೇಪಿನದು ಒಂದು ಒಳ್ಳೆ ಗುಣ. ಉಪ್ಪು ನೆಕ್ಕಿಸಿ, ನೀರು ಕುಡಿಸಿ ಹೊಟ್ಟೆ ಉಬ್ಬಿಸಿದರೂ ಎದೆ ಅಷ್ಟಾಗಿ ಉಬ್ಬುವುದಿಲ್ಲ. (ಇದು ಗೊತ್ತಿದ್ದೂ ನಾನು ಬೆಳಗ್ಗೆ ಅರ್ಧ ಬಕೆಟ್ ಕುಡಿಸಿದ್ದೆ, ಬಿಡಿ.)

ಸುಂಕದವನನ್ನು ಕೇಳಿದೆ, ತೂಗುವ ಯಂತ್ರ ಇಲ್ವಾ ಅಂತ. "ನಮ್ಮದು ತಲೆ ಲೆಕ್ಕ" ಅಂದ. ರಸೀದಿ ಹರಿದು ಕೊಟ್ಟ.

ಕೊನೆಗೆ ಇಪ್ಪತ್ತಾರು ಕೆಜಿ ಲೆಕ್ಕಕ್ಕೆ ಕೊಟ್ಟು ಬಂದೆ. ದಾರಿಯಲ್ಲಿ ಮಟನ್ ಅಂಗಡಿಗೆ ಹೋಗಿ ಅರ್ಧ ಕೆಜಿ ಕೇಳಿದೆ. ಡಿಜಿಟಲ್ ತಕ್ಕಡಿ 512 ತೋರಿಸಿತು. ಅಂಗಡಿಯವನು ಒಂದು ಚೂರು ಎತ್ತಿ ವಾಪಸ್ ಹಾಕಿಕೊಂಡ.